ಹಿತ್ತಲ ಗಿಡಕ್ಕೆ ಹಾವಸೆ: ಎಣ್ಣೆ ಹೊಡೆಯಬೇಕೇ?

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ತಡಸದ ಹಿತ್ತಿಲುಗಳಲ್ಲಿ ಮಾವು, ಚಿಕ್ಕು, ಲಿಂಬೆ, ಅಡಿಕೆಯ ಬೊಡ್ಡೆಗಳು ಹಸಿರು ಕಂಬಳಿ ಹೊದ್ದಂತೆ ಕಾಣುತ್ತವೆ. ರೈತ ಬಾಂಧವರದು ಒಂದೇ ಪ್ರಶ್ನೆ: "ಸಾಹೇಬ್ರ, ಗಿಡಕ್ಕ ಹಾವಸಿ ಹತ್ತೈತಿ, ಯಾವ ಎಣ್ಣಿ ಹೊಡೀಬೇಕ್ರಿ?" ಯಾವ ಎಣ್ಣೆಯೂ ಬೇಡವೆಂದರೆ ಕೆಲವರಿಗೆ ನಂಬಿಕೆ ಬರುವುದಿಲ್ಲ. ಆದ್ದರಿಂದ ವಿಷಯವನ್ನು ಬಿಡಿಸಿ ನೋಡೋಣ.

ಹಾವಸೆ ರಸ ಹೀರುವುದಿಲ್ಲ

ಹಾವಸೆಗೆ ನಿಜವಾದ ಬೇರಿಲ್ಲ. ಎಳೆಯಂಥ ಕೂದಲುಗಳಿಂದ ತೊಗಟೆಯ ಮೇಲ್ಮೈಯನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ. ಎಲೆ ಹಸಿರಾಗಿರುವುದರಿಂದ ತನ್ನ ಆಹಾರವನ್ನು ತಾನೇ ಬಿಸಿಲಿನಲ್ಲಿ ತಯಾರಿಸಿಕೊಳ್ಳುತ್ತದೆ. ನೀರು ಮಳೆ, ಇಬ್ಬನಿಯಿಂದ ಸಿಗುತ್ತದೆ. ಮರ ಅದಕ್ಕೆ ಕೂಡಲು ಕೊಟ್ಟ ಕಟ್ಟೆ ಇದ್ದಂತೆ.

ಬೂದು, ಬಿಳಿ ಬಣ್ಣದ ಹಕ್ಕಳೆಯಂತೆ ಅಂಟಿಕೊಳ್ಳುವುದು ಬೇರೆ ಜಾತಿ. ಅದರ ಕೆಲವು ಬಗೆಗಳನ್ನೇ ನಮ್ಮ ಮನೆಯವರು ಕಲ್ಲುಹೂವು ಎಂದು ಮಸಾಲೆಗೆ ಹಾಕುತ್ತಾರೆ. ಶಿಲೀಂಧ್ರ ಮತ್ತು ಪಾಚಿ ಎರಡೂ ಕೂಡಿ ಬಾಳುವ ಸಂಸಾರ ಅದು ಎಂದು ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ 1867ರಲ್ಲಿ ತಿಳಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1866ರಲ್ಲಿ, ಪ್ಯಾರಿಸ್ ನಗರದಲ್ಲಿ ಹೊಗೆ ಹೆಚ್ಚಿದ ಕಡೆ ಇವು ಕಾಣೆಯಾಗುವುದನ್ನು ನೈಲಾಂಡರ್ ಎಂಬ ವಿಜ್ಞಾನಿ ಗುರುತಿಸಿದ್ದರು. ಅಂದರೆ ನಿಮ್ಮ ಹಿತ್ತಿಲಲ್ಲಿ ಇವು ಹುಲುಸಾಗಿದ್ದರೆ ಗಾಳಿ ಶುದ್ಧವಾಗಿದೆ ಎಂದೇ ಅರ್ಥ.

ಹಾಗಾದರೆ ಗಿಡ ಸೊರಗಿದ್ದು ಯಾಕೆ?

ಇಲ್ಲೇ ತಪ್ಪು ಲೆಕ್ಕವಾಗುತ್ತಿರುವುದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಬೇರು ಒಣಗಿದ ಗಿಡಗಳು ಮುಂದೆ ತುದಿಯಿಂದ ಒಣಗತೊಡಗಿದವು. 2024ರಲ್ಲಿ ಮುಂಗಾರು ವಾಡಿಕೆ ಮೀರಿತು. ಒಣಗಿ ಕಪ್ಪಾಗಿದ್ದ ಹಾವಸೆ ನೀರು ಬಿದ್ದೊಡನೆ ಜೀವ ತಳೆಯಿತು. ಸೊರಗಿದ ಗಿಡ, ಮೇಲೆ ಹಸಿರು ಹಾವಸೆ: ಎರಡನ್ನೂ ಒಟ್ಟಿಗೆ ಕಂಡವರು ಹಾವಸೆಯೇ ಕಳ್ಳನೆಂದರು.

ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವಂಥದು. ಅಂಗೈಯಗಲ ಆಗಬೇಕಾದರೆ ಅದು ಎಷ್ಟೋ ವರ್ಷಗಳಿಂದ ಅಲ್ಲಿದ್ದಿರಬೇಕು. ಅಷ್ಟೂ ವರ್ಷ ಫಲ ಕೊಟ್ಟ ಗಿಡ ಈಗ ಮಾತ್ರ ಅದರಿಂದ ಕೆಟ್ಟಿತೆಂದರೆ ಒಪ್ಪುವಂತಿಲ್ಲ. ಸೊರಗಿದ ಗಿಡದಲ್ಲಿ ಎಲೆ ಉದುರಿ ಬೆಳಕು ಒಳಗೆ ಬೀಳುತ್ತದೆ, ತೊಗಟೆಯ ಬೆಳವಣಿಗೆ ನಿಧಾನವಾಗುತ್ತದೆ. ಆಗ ಹಾವಸೆ, ಕಲ್ಲುಹೂವುಗಳಿಗೆ ಅನುಕೂಲ. ಅವು ಸೊರಗಿನ ಗುರುತು ಆಗಬಹುದು, ಕಾರಣವಲ್ಲ.

ಕೆರೆದು ಕೆಟ್ಟವರು

ಒಬ್ಬ ರೈತ ಬಾಂಧವರು ಹಬ್ಬಕ್ಕೆ ಮನೆ ಚೊಕ್ಕ ಮಾಡುವಾಗ ಹಿತ್ತಲ ಮಾವಿನ ಬೊಡ್ಡೆಯನ್ನೂ ಕೊಯ್ತದಿಂದ ಕೆರೆದರು. ಹಾವಸೆ ಹೋಯಿತು, ಜತೆಗೆ ತೊಗಟೆಯೂ ಹೋಯಿತು. ಮುಂದಿನ ಮಳೆಗಾಲಕ್ಕೆ ಗಾಯದಿಂದ ಅಂಟು ಸೋರತೊಡಗಿ ಒಂದು ದೊಡ್ಡ ಕೊಂಬೆ ಒಣಗಿತು. ಅಡಿಕೆಯ ಬೊಡ್ಡೆಯಲ್ಲಂತೂ ಬಿದ್ದ ಗಾಯ ಮಾಯುವುದೇ ಇಲ್ಲ. ಮರಕ್ಕೆಲ್ಲ ಮೈಲುತುತ್ತ ಹೊಡೆಯುವುದೂ ದಂಡ. ತಾಮ್ರ ಕರಗಿ ಹೋಗುವ ವಸ್ತುವಲ್ಲ. ತೊಳೆದು ಬಿದ್ದದ್ದು ಮಣ್ಣಿನಲ್ಲೇ ಕೂಡುತ್ತ ಹೋಗಿ ಎರೆಹುಳುಗಳಿಗೆ ಮಾರಕವಾಗುತ್ತದೆ.

ಕಣ್ಣಿಗೆ ಹಿತವಿಲ್ಲವೆಂದು ತೆಗೆಯಲೇಬೇಕಿದ್ದರೆ ತೊಗಟೆ ಒದ್ದೆಯಿದ್ದಾಗ ತೆಂಗಿನ ನಾರಿನಿಂದ ಅಥವಾ ಗೋಣಿತಟ್ಟಿನಿಂದ ಮೆಲ್ಲಗೆ ಉಜ್ಜಿರಿ. ತಂತಿ ಬ್ರಶ್, ಕೊಯ್ತ ಬೇಡ. ದಟ್ಟ ಕೊಂಬೆ ಸವರಿ ಗಾಳಿ ಆಡುವಂತೆ ಮಾಡಿದರೆ ಹಾವಸೆ ತಾನಾಗಿಯೇ ಕಡಿಮೆಯಾಗುತ್ತದೆ. ಸವಣೂರ ಕಡೆಯ ಒಣ ಸೀಮೆಗಿಂತ ಹಾನಗಲ್ಲ, ಮುಂಡಗೋಡ ಕಡೆ ಇದು ಹೆಚ್ಚಿರುವುದು ತೇವದಿಂದಲೇ.

ನಿಜವಾದ ವೈರಿಗಳು

ಹಾವಸೆಯ ಮೇಲೆ ಕಣ್ಣಿಟ್ಟು ಕೂತರೆ ಮರವನ್ನು ನಿಜವಾಗಿ ಕೊಲ್ಲುವವು ತಪ್ಪಿಸಿಕೊಳ್ಳುತ್ತವೆ.

1. ಬಂದಳಿಕೆ: ಇದು ಕೊಂಬೆಯೊಳಗೆ ಬೇರಿಳಿಸಿ ನೀರು, ಸಾರ ಎರಡನ್ನೂ ಹೀರುತ್ತದೆ. ಹಕ್ಕಿಗಳು ಇದರ ಅಂಟುಬೀಜವನ್ನು ಹರಡುತ್ತವೆ. ಕಾಯಿ ಹಣ್ಣಾಗುವ ಮೊದಲೇ, ಅದು ಹತ್ತಿದ ಜಾಗದಿಂದ ಒಂದು ಗೇಣು ಕೆಳಗೆ ಕೊಂಬೆಸಹಿತ ಕಡಿಯಬೇಕು. ಎಲೆ ಮಾತ್ರ ಕಿತ್ತರೆ ಮತ್ತೆ ಚಿಗುರುತ್ತದೆ.

2. ತೊಗಟೆ ತಿನ್ನುವ ಹುಳು: ಬೊಡ್ಡೆಯ ಮೇಲೆ ಹಿಕ್ಕೆ, ನೂಲು ಕೂಡಿದ ಕಂದು ಪಟ್ಟಿ ಕಂಡರೆ ಅದನ್ನು ಒರೆಸಿ ರಂಧ್ರ ಹುಡುಕಿ. ತಂತಿ ಹಾಕಿ ಹುಳು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮಣ್ಣಿನಿಂದ ಮುಚ್ಚಿರಿ. ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಡೈಕ್ಲೋರ್ವಾಸ್ ಹೇಳಿರುತ್ತದೆ. ಅದರ ಬಳಕೆ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಅಟ್ಟದ ಮೇಲೆ ಹಳೆಯ ಬಾಟಲಿ ಉಳಿದಿದ್ದರೂ ಮುಟ್ಟಬೇಡಿ.

3. ಲಿಂಬೆಯ ಅಂಟುಸೋರು ರೋಗ: ಬುಡದಲ್ಲಿ ನೀರು ನಿಲ್ಲಗೊಡಬೇಡಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಬೆರೆಸಿದರೆ ಬೋರ್ಡೋ ಮುಲಾಮು ಸಿದ್ಧ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆ ಬಳಸಿ, ಕಬ್ಬಿಣದ್ದು ಬೇಡ. ರೋಗದ ಭಾಗ ಕೆತ್ತಿ ಬುಡಕ್ಕೆ ಎರಡಡಿ ಎತ್ತರದವರೆಗೆ ಬಳಿಯಿರಿ. ಕೊಂಬೆ ಕಡಿದ ಗಾಯಕ್ಕೂ ಇದೇ ಮುಲಾಮು.

ಬೊಡ್ಡೆ ಬಿಟ್ಟು ತುದಿ ನೋಡಿ

ಗಿಡದ ಆರೋಗ್ಯ ತಿಳಿಯಲು ಬೊಡ್ಡೆ ನೋಡಬೇಡಿ, ಚಿಗುರು ನೋಡಿ. ಈ ವರ್ಷದ ಹೊಸ ಚಿಗುರು ಗೇಣುದ್ದ ಬಂದು ಎಲೆ ಹಸಿರಾಗಿದ್ದರೆ ಹಾವಸೆಗೆ ತಲೆ ಕೆಡಿಸಿಕೊಳ್ಳಬೇಡಿ. ತುದಿ ಒಣಗಿದ್ದರೆ ಕಡ್ಡಿಯನ್ನು ಉಗುರಿನಿಂದ ಗೀರಿ, ಹಸಿರು ಕಾಣುವವರೆಗೆ ಕೆಳಗೆ ಸವರಿ. ಆಮೇಲೆ ಎಣ್ಣೆಗೆ ಇಟ್ಟ ದುಡ್ಡಿನಲ್ಲಿ ಬುಡಕ್ಕೆ ಗೊಬ್ಬರ ಹಾಕಿ. ಹತ್ತು ವರ್ಷ ದಾಟಿದ ಮಾವಿಗೆ 50 ಕಿಲೋ ಕೊಟ್ಟಿಗೆ ಗೊಬ್ಬರ ಬೇಕು. ಸಂಶಯವಿದ್ದರೆ ಒಣಗಿದ ಕೊಂಬೆಯ ತುಂಡನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಅಂಗಡಿಯವರು ಕೊಟ್ಟ ಡಬ್ಬಿ ತಂದು ಹೊಡೆಯುವ ಮೊದಲು ಈ ಕೆಲಸವಾಗಲಿ.