ಟು-ಲೆಟ್ ಬೋರ್ಡ್ ಇನ್ನೂ ಗೇಟಿನಲ್ಲೇ ಇದೆ

ಮೈಸೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಅಡ್ವಾನ್ಸ್ ಮಾತು ಆಮೇಲೆ. ಮೊದಲು ‘ಊರು ಯಾವುದು?’. ನಂಜನಗೂಡು ಕಡೆ ಅಂದರೆ ‘ಅಲ್ಲಿ ಯಾರ ಪೈಕಿ?’. ಅದಕ್ಕೂ ನೇರ ಉತ್ತರ ಬರದಿದ್ದರೆ ‘ನಾನ್‌ವೆಜ್ ಮಾಡ್ತೀರಾ?’. ಮೂರೂ ಒಂದೇ ಪ್ರಶ್ನೆ ಅಂತ ಕೇಳುವವರಿಗೂ ಗೊತ್ತು, ನಮಗೂ ಗೊತ್ತು.

ನಾವು ಹಳ್ಳಿಯಿಂದ ಬಂದು, ಸುದ್ದಿಗೆ ಇಷ್ಟು ಅಂತ ಕಾಸು ಪಡೆದು ಬರೆಯುವವರು. ನಮ್ಮಲ್ಲೊಬ್ಬರು ಈಚೆಗೆ ಕುವೆಂಪುನಗರದಲ್ಲಿ ಮನೆ ನೋಡಿದರು. ಬಾಡಿಗೆ ಒಪ್ಪಿಗೆಯಾಯಿತು, ನೀರು ಯಾವಾಗ ಬಿಡುತ್ತಾರೆ ಅಂತಲೂ ಹೇಳಿದರು. ಆಧಾರ್‌ನಲ್ಲಿ ಅಪ್ಪನ ಹೆಸರು ಓದಿದ ಮೇಲೆ ‘ನಮ್ಮೆಜಮಾನ್ರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀವಿ’ ಅಂದರು. ಫೋನ್ ಬರಲಿಲ್ಲ. ನಾವೇ ಮಾಡಿದರೆ ‘ನೆಂಟರಿಗೆ ಕೊಟ್ಟಾಯ್ತು’. ಬೋರ್ಡು ಮಾತ್ರ ಇನ್ನೂ ಗೇಟಿನಲ್ಲೇ ಇದೆ. ವಿಶ್ವಮಾನವ ಸಂದೇಶ ಕೊಟ್ಟ ಕವಿಯ ಹೆಸರಿನ ಬಡಾವಣೆ ಅದು.

ಕೆಲವರು ಸಲಹೆಯನ್ನೂ ಕೊಡುತ್ತಾರೆ. ದಲಿತರಿಗೆ ‘ಅಶೋಕಪುರಂ ಕಡೆ ನೋಡಿ’, ಮುಸ್ಲಿಮರಿಗೆ ‘ಉದಯಗಿರಿ ಕಡೆ ನೋಡಿ’.

ಮನೆ ನಮ್ಮದು, ಯಾರಿಗೆ ಕೊಡಬೇಕು ಅನ್ನುವುದು ನಮ್ಮಿಷ್ಟ ಅಂತ ಮಾಲೀಕರು ಹೇಳಬಹುದು. ಬಾಡಿಗೆ ಬಾಕಿ ಉಳಿಸಿಕೊಂಡಾರು, ಮನೆ ಬಿಡದೆ ಕೂತಾರು ಎಂಬ ಭಯ ನ್ಯಾಯವೇ. ಅದಕ್ಕೇ ಅಡ್ವಾನ್ಸ್ ಇದೆ, 11 ತಿಂಗಳ ಕರಾರು ಇದೆ. ಜಾತಿ ಕೇಳಿದರೆ ಬಾಡಿಗೆ ಸರಿಯಾಗಿ ಬರುತ್ತದೆಯೇ? ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರನ್ನು ಯಾವುದೇ ಬಡಾವಣೆಯಲ್ಲಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಅಪರಾಧ. ಆದರೆ ದೂರು ಕೊಡಲು ನಮ್ಮ ಕೈಯಲ್ಲಿ ಏನಿದೆ? ‘ಕೊಡಲ್ಲ’ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲವಲ್ಲ.

ತಪ್ಪು ನಮ್ಮದೂ ಇದೆ. ಹಳ್ಳಿ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರೆ ಫೋಟೊ ಸಮೇತ ಸುದ್ದಿ ಮಾಡುತ್ತೇವೆ. ತಹಶೀಲ್ದಾರರು ಬಂದು ಶಾಂತಿಸಭೆ ನಡೆಸುತ್ತಾರೆ. ನಗರದ ಗೇಟಿನ ಮುಂದೆ ನಡೆಯುವುದನ್ನು ಬರೆಯುವುದಿಲ್ಲ, ಯಾಕೆಂದರೆ ನಾಳೆ ನಾವೂ ಅದೇ ಬೀದಿಯಲ್ಲಿ ಮನೆ ಕೇಳಬೇಕು. ನಮ್ಮಲ್ಲಿ ಕೆಲವರು ಸುಳ್ಳು ಜಾತಿ ಹೇಳಿ ಮನೆ ಹಿಡಿದವರೂ ಇದ್ದಾರೆ. ಅವ್ವ ಊರಿಂದ ಬರ್ತೀನಿ ಅಂದರೆ, ಅವಳ ಮಾತಿನಲ್ಲಿ ಗುಟ್ಟು ಬಯಲಾದೀತು ಅಂತ ‘ಈಗ ಬೇಡ’ ಅನ್ನುತ್ತಾರೆ. ಆ ಬಾಡಿಗೆ ಯಾವ ಕರಾರಿನಲ್ಲೂ ಬರೆದಿರುವುದಿಲ್ಲ.

ಮಾಲೀಕರಲ್ಲಿ ನಮ್ಮ ಕೋರಿಕೆ ಇಷ್ಟೆ. ಕೆಲಸ ಏನು ಕೇಳಿ, ಸಂಬಳ ಕೇಳಿ, ಹಿಂದಿನ ಮನೆಯ ಮಾಲೀಕರ ನಂಬರ್ ಕೇಳಿ. ‘ಯಾರ ಪೈಕಿ’ ಅನ್ನುವುದನ್ನು ಮಾತ್ರ ಬಿಡಿ. ನಾವೂ ಇನ್ನುಮುಂದೆ ಮನೆ ಸಿಗದಾಗ ಬಡಾವಣೆ, ತಾರೀಕು, ಆಡಿದ ಮಾತು ಮೂರನ್ನೂ ಬರೆದಿಡುತ್ತೇವೆ. ಹತ್ತು ಜನ ಬರೆದಿಟ್ಟರೆ ಅದೂ ಒಂದು ಸುದ್ದಿಯೇ.