ಸೈಕಲ್ ಸವಾರಿಗೂ ಈರ್ಯಾಸಮಿತಿ

ದಿಗಂಬರ ಮುನಿಗಳು ವಾಹನವೇರುವುದಿಲ್ಲ; ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಹಗಲಿನಲ್ಲಿಯೇ ನಡೆಯುತ್ತಾರೆ. ಇದೇ ಈರ್ಯಾಸಮಿತಿ. ಶ್ರಾವಕರಾದ ನಮಗೆ ಅಷ್ಟು ಅಸಾಧ್ಯ. ಆದರೆ ಹತ್ತಿರದ ಶಾಲೆಗೆ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವ ಬದಲು ಸೈಕಲ್ ಕೊಡಿಸಬಹುದು. ಹೊಗೆಯುಗುಳದು ಎಂದ ಮಾತ್ರಕ್ಕೆ ಸೈಕಲ್ ಸವಾರಿ ಅಹಿಂಸೆಯಾಗದು.

ಕಳೆದ ವಾರ ತಿರುವಿನಲ್ಲಿ ರಭಸದಿಂದ ಬಂದ ನನ್ನ ಮೊಮ್ಮಗನ ಸೈಕಲ್‌ನಿಂದ, ಬಸದಿಗೆ ಹೊರಟಿದ್ದ ವೃದ್ಧೆಯೊಬ್ಬರು ಕೂದಲೆಳೆಯಲ್ಲಿ ಪಾರಾದರು. ‘ಯಾರಿಗೂ ಏನೂ ಆಗಲಿಲ್ಲವಲ್ಲ ಅಜ್ಜ’ ಎಂದ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಅಜಾಗ್ರತೆಯಲ್ಲಿ ಕಾಣುತ್ತದೆ. ಪೆಟ್ಟು ತಪ್ಪಿದರೂ ದೋಷ ತಪ್ಪದು.

ಎಡಬದಿಯಲ್ಲಿ ಸಾಗುವುದು, ತಿರುವಿನಲ್ಲಿ ನಿಧಾನಿಸಿ ಗಂಟೆ ಬಾರಿಸುವುದು, ಹೊರಡುವ ಮುನ್ನ ಬ್ರೇಕ್ ಪರೀಕ್ಷಿಸುವುದು, ಕತ್ತಲಾಗುವ ಮೊದಲೇ ಮನೆ ಸೇರುವುದು: ಇವನ್ನು ಪೊಲೀಸರ ಭಯದಿಂದಲ್ಲ, ವ್ರತವೆಂದೇ ಮಕ್ಕಳಿಗೆ ಕಲಿಸೋಣ.