ಪರೀಕ್ಷೆ ಬರೆದುಕೊಡುವವರ ಪಟ್ಟಿ ಊರಲ್ಲೇ ಸಿದ್ಧವಿರಲಿ

ಪದವಿ ಸೆಮಿಸ್ಟರ್‌ನ ವೇಳಾಪಟ್ಟಿ ಹೊರಬಿದ್ದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ: ‘ದೃಷ್ಟಿದೋಷವಿರುವ ವಿದ್ಯಾರ್ಥಿನಿಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಅರ್ಜೆಂಟಾಗಿ ಸ್ಕ್ರೈಬ್ ಬೇಕು. ಕನ್ನಡ ಚೆನ್ನಾಗಿ ಬರೆಯಬೇಕು. ಪಿಯುಸಿ ಓದುತ್ತಿರುವವರು ಮಾತ್ರ.’ ಕೆಳಗೆ ಕೈಮುಗಿದ ಚಿತ್ರಗಳ ಸಾಲು, ‘ಇನ್ನೊಂದು ಗುಂಪಿಗೆ ಹಾಕಿದ್ದೇನೆ’ ಎಂಬ ಉತ್ತರಗಳು. ಬರುತ್ತೇನೆ ಎನ್ನುವವರು ಸಿಗುವಷ್ಟರಲ್ಲಿ ಎಷ್ಟೋ ಸಲ ರಾತ್ರಿಯಾಗಿರುತ್ತದೆ. ಓದಿದ್ದನ್ನು ಮತ್ತೊಮ್ಮೆ ನೆನಪು ಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಆ ಹುಡುಗಿ ಫೋನ್ ಹಿಡಿದು ಕೂತಿರುತ್ತಾಳೆ.

ನಮ್ಮಲ್ಲಿ ನೆರವಿಗೆ ಬರುವವರಿಗೆ ಬರವಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಕೃಷ್ಣೆ–ಮಲಪ್ರಭೆಯರು ಉಕ್ಕಿದಾಗ ಲಾರಿಗಟ್ಟಲೆ ಅಕ್ಕಿ, ಹೊದಿಕೆ ಹೋದವು. ರಕ್ತದಾನ ಶಿಬಿರಕ್ಕೆ, ಜಾತ್ರೆಯ ಅನ್ನಸಂತರ್ಪಣೆಗೆ ಕರೆದರೆ ಯುವಕ ಸಂಘದವರು ಸಾಲುಗಟ್ಟಿ ಬರುತ್ತಾರೆ. ಅಲ್ಲಿ ಹತ್ತು ಜನರಲ್ಲಿ ಇಬ್ಬರು ತಪ್ಪಿಸಿಕೊಂಡರೂ ಕೆಲಸ ನಿಲ್ಲುವುದಿಲ್ಲ. ಸ್ಕ್ರೈಬ್ ಆಗಿ, ಅಂದರೆ ಅಭ್ಯರ್ಥಿ ಹೇಳಿದ್ದನ್ನು ಕೇಳಿ, ಪರೀಕ್ಷೆ ಬರೆದುಕೊಡುವ ಕೆಲಸದಲ್ಲಿ ಈ ಅನುಕೂಲ ಇಲ್ಲ. ಒಬ್ಬರು ಒಪ್ಪಿಕೊಂಡು ಬರದೇ ಹೋದರೆ ಇನ್ನೊಬ್ಬರ ಒಂದು ವರ್ಷ ಹಾಳಾಗಬಹುದು. ಅದಕ್ಕಾಗಿಯೇ ಈ ಕೆಲಸವನ್ನು ಒಳ್ಳೆಯ ಮನಸ್ಸಿನ ಮೇಲಷ್ಟೇ ಬಿಟ್ಟು ಕೂರುವುದು ತಪ್ಪು ಎಂದು ನನಗೆ ಅನ್ನಿಸುತ್ತದೆ.

ಪರೀಕ್ಷಾ ಕೊಠಡಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಭ್ಯರ್ಥಿ ಮತ್ತು ಬರೆಯುವವರು ಪ್ರತ್ಯೇಕ ಕೋಣೆಯಲ್ಲೋ ಮೂಲೆಯ ಬೆಂಚಿನಲ್ಲೋ ಅಕ್ಕಪಕ್ಕ ಕೂರುತ್ತಾರೆ. ಮೊದಲು ಇಡೀ ಪ್ರಶ್ನೆಪತ್ರಿಕೆ ಓದಿ ಹೇಳಬೇಕು. ಓದುವಾಗ ದನಿ ಏರಿಳಿಯಬಾರದು. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಸರಿಯುತ್ತರದ ಬಳಿ ದನಿ ತುಸು ತಡೆದರೂ ಅದು ಸುಳಿವು ಕೊಟ್ಟಂತೆಯೇ. ಅಭ್ಯರ್ಥಿ ‘ಎಕ್ಸ್ ಪ್ಲಸ್ ತ್ರೀ ಬೈ ಟು’ ಎಂದಾಗ ಎರಡರಿಂದ ಭಾಗವಾಗುವುದು ಮೂರು ಮಾತ್ರವೋ, ಎಕ್ಸ್ ಪ್ಲಸ್ ತ್ರೀ ಎರಡೂ ಸೇರಿಯೋ? ಊಹಿಸಿ ಬರೆಯುವ ಹಾಗಿಲ್ಲ, ಕೇಳಿಯೇ ಬರೆಯಬೇಕು. ಕಿವಿಯಿಂದಲೇ ಕಲಿತ ಮಗು ಹೇಳಿದ ಪದಕ್ಕೆ ಅಲ್ಪಪ್ರಾಣ, ಮಹಾಪ್ರಾಣ, ಒತ್ತು, ದೀರ್ಘ ಎಲ್ಲವೂ ಬರೆಯುವವರ ಕೈಯಲ್ಲಿವೆ. ಕನ್ನಡ ಪತ್ರಿಕೆಯಲ್ಲಿ ಅಂಕ ಕಳೆಯುವುದು ಮಾತ್ರ ಮಗುವಿನದು. ಉತ್ತರ ನೆನಪಾಗದೆ ಅವಳು ಐದು ನಿಮಿಷ ಸುಮ್ಮನೆ ಕೂತರೆ ಇವರೂ ಸುಮ್ಮನಿರಬೇಕು. ಪೆನ್ನಿನ ಟಕಟಕ ಸದ್ದು ಸಹ ಅವಳಿಗೆ ‘ಬೇಗ ಹೇಳು’ ಎಂದಂತೆ ಕೇಳುತ್ತದೆ. ಎಲ್ಲಕ್ಕಿಂತ ಕಷ್ಟದ್ದೆಂದರೆ, ಅವಳು ಹೇಳುತ್ತಿರುವುದು ತಪ್ಪು ಎಂದು ಗೊತ್ತಿದ್ದೂ ಹೇಳಿದ ಹಾಗೆಯೇ ಬರೆಯುವುದು. ಸಹಾಯ ಮಾಡಲೆಂದೇ ಬಂದವರಿಗೆ ಈ ಸಂಯಮ ಸುಲಭವಲ್ಲ. ತಿದ್ದಿ ಬರೆದ ಉತ್ತರ ಆ ಮಗುವಿನದಾಗಿ ಉಳಿಯುವುದಿಲ್ಲ.

ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ ಹೀಗೆ ಕೂರಬೇಕು. ಗಂಟೆಗೆ ಕನಿಷ್ಠ 20 ನಿಮಿಷ ಪರಿಹಾರ ಸಮಯ ಕೊಡಬೇಕೆಂದು ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಬರೆಯುವವರನ್ನು ಅಭ್ಯರ್ಥಿಯೇ ಕರೆತಂದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಎಂಬ ಷರತ್ತನ್ನು ಹಾಕಿದ್ದೂ ಅದೇ. 2013ರ ಮಾರ್ಗಸೂಚಿಯಲ್ಲಿ ವಿದ್ಯಾರ್ಹತೆ, ವಯಸ್ಸು, ಅಂಕಗಳ ನಿರ್ಬಂಧ ಬೇಡವೆಂದೇ ಹೇಳಲಾಗಿತ್ತು. ಅಕ್ರಮದ ಭಯದಿಂದ ನಿಯಮ ಬಿಗಿಯಾಯಿತು; ಆ ಭಯ ಸುಳ್ಳಲ್ಲ. ಆದರೆ ಪರಿಣಾಮ ನೋಡಿ. ವಾರದ ದಿನ ಬೆಳಿಗ್ಗೆ ಹತ್ತಕ್ಕೆ ಬಿಡುವಾಗಿರುವವರು ನಿವೃತ್ತ ಶಿಕ್ಷಕರು, ಓದಿಕೊಂಡ ಗೃಹಿಣಿಯರು. ಅವರನ್ನು ನಿಯಮ ಹೊರಗಿಟ್ಟಿತು. ಉಳಿದವರು ಕೆಳತರಗತಿಯ ವಿದ್ಯಾರ್ಥಿಗಳು. ಅವರಿಗೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಬರೆಯುವ ಮಗುವಿಗಾಗಿ ಒಂಬತ್ತನೇ ತರಗತಿಯ ಮಗುವಿನ ಮನೆಬಾಗಿಲು ತಟ್ಟಿ, ‘ನಿಮ್ಮ ಮಗನನ್ನು ಅರ್ಧ ದಿನ ಕಳಿಸಿಕೊಡಿ’ ಎಂದು ತಂದೆ ತಾಯಿ ಅಂಗಲಾಚಬೇಕು.

ಅದೇ 2018ರ ಮಾರ್ಗಸೂಚಿಯಲ್ಲಿ ಇನ್ನೊಂದು ದಾರಿಯೂ ಇತ್ತು. ಪರೀಕ್ಷೆ ನಡೆಸುವ ಸಂಸ್ಥೆಯೇ ಜಿಲ್ಲೆ, ವಿಭಾಗ, ರಾಜ್ಯ ಮಟ್ಟದಲ್ಲಿ ಲಿಪಿಕಾರರ, ಅಂದರೆ ಸ್ಕ್ರೈಬ್‌ಗಳ, ಪಟ್ಟಿ ಮಾಡಿಟ್ಟುಕೊಳ್ಳಬಹುದು. ಹಾಗೆ ಮಾಡಿದಾಗ ಪರೀಕ್ಷೆಗೆ ಎರಡು ದಿನ ಮುಂಚೆ ಅಭ್ಯರ್ಥಿ ಅವರನ್ನು ಭೇಟಿಯಾಗಿ, ತನಗೆ ಹೊಂದುತ್ತಾರೋ ಇಲ್ಲವೋ ನೋಡಿಕೊಳ್ಳಲು ಅವಕಾಶ ಕೊಡಬೇಕು. ‘ಮಾಡಬಹುದು’ ಎಂದಿದ್ದರಿಂದ ಹೆಚ್ಚಿನವರು ಮಾಡಲಿಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದಿತು. ಹಕ್ಕು ಹಿಗ್ಗಿತು, ಬೇಡಿಕೆಯೂ ಹೆಚ್ಚಿತು. 2025ರ ಪರಿಷ್ಕೃತ ಮಾರ್ಗಸೂಚಿಯಂತೂ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸ್ವಂತ ಲಿಪಿಕಾರರನ್ನು ತರುವ ರೂಢಿಯನ್ನು ಕಡಿಮೆ ಮಾಡಿ, ಪರೀಕ್ಷಾ ಸಂಸ್ಥೆಗಳೇ ಅವರನ್ನು ಒದಗಿಸುವ ವ್ಯವಸ್ಥೆಯ ಕಡೆ ತಿರುಗಿದೆ. ಈ ಜನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ದೆಹಲಿಯಲ್ಲಿ ಉತ್ತರ ಸಿಗಲಾರದು. ತಾಲ್ಲೂಕಿನಲ್ಲಿ ಸಿಗಬೇಕು.

ಬೆಂಗಳೂರಿನ ಪರಿಸ್ಥಿತಿ ಬೇರೆ. ಅಂಗವಿಕಲರಿಗೆ ನೆರವಾಗುವ ಮಿತ್ರಜ್ಯೋತಿ, ಸಮರ್ಥನಂನಂಥ ಸಂಸ್ಥೆಗಳು ಅಲ್ಲಿವೆ. ನೂರಾರು ಪರೀಕ್ಷೆಗಳನ್ನು ಉಚಿತವಾಗಿ ಬರೆದುಕೊಟ್ಟು 2018ರ ಸಾಲಿನ ನಾರಿ ಶಕ್ತಿ ಪುರಸ್ಕಾರ ಪಡೆದ ಎನ್.ಎಂ. ಪುಷ್ಪಾ ಅಲ್ಲಿಯವರೇ. ಅವರ ಸೇವೆ ದೊಡ್ಡದು. ಹಾಗೆಂದು ಒಬ್ಬರೇ ಅಷ್ಟು ಪರೀಕ್ಷೆ ಬರೆಯಬೇಕಾಗಿ ಬಂದದ್ದು ಉಳಿದ ನಮ್ಮೆಲ್ಲರ ಗೈರುಹಾಜರಿಯನ್ನೂ ಹೇಳುತ್ತದೆ. ಸಿಂಧನೂರಿನ ಅಥವಾ ಹೊಸದುರ್ಗದ ಕಾಲೇಜಿನ ಅಂಧ ವಿದ್ಯಾರ್ಥಿ ಯಾರನ್ನು ಕೇಳಬೇಕು?

ಕೇಳಲು ಜನರಿದ್ದಾರೆ, ಸೇರಿಸಿದವರಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅವರಿಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ಕರೆಯುವಂತೆ ವಿಆರ್‌ಡಬ್ಲ್ಯುಗಳು, ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಯಾವ ಮನೆಯಲ್ಲಿ ಯಾವ ಮಗುವಿಗೆ ಏನು ತೊಂದರೆ ಎಂಬುದು ಅವರಿಗೆ ಗೊತ್ತು. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅಲ್ಲಿಗೆ ದಿನವೂ ಬರುವ ಪಿಯುಸಿ, ಪದವಿ ಹುಡುಗ ಹುಡುಗಿಯರ ಪರಿಚಯ ಮೇಲ್ವಿಚಾರಕರಿಗಿದೆ. ಕಾಲೇಜುಗಳಲ್ಲಿ 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ. ಎನ್ಎಸ್ಎಸ್ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಆ ಗಂಟೆಗಳಲ್ಲಿ ಎಷ್ಟೋ ಪಾಲು ಕ್ಯಾಂಪಸ್ ಗುಡಿಸುವುದರಲ್ಲಿ, ಜಾಥಾದಲ್ಲಿ ಘೋಷಣೆ ಕೂಗುವುದರಲ್ಲಿ ಕಳೆಯುತ್ತದೆ. ಒಂದು ಪರೀಕ್ಷೆ ಬರೆದುಕೊಟ್ಟರೆ ನಾಲ್ಕು ಗಂಟೆ, ತಯಾರಿ ಸೇರಿದರೆ ಆರು ಗಂಟೆ ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಲು ಯಾವ ಅಡ್ಡಿ? ವಿಶ್ವವಿದ್ಯಾಲಯದ ಎನ್ಎಸ್ಎಸ್ ಸಂಯೋಜಕರು ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ ಇದು.

ಹೆಸರು ಬರೆಸಿಕೊಂಡರೆ ಸಾಲದು, ತರಬೇತಿ ಬೇಕು. ಅರ್ಧ ದಿನ ಸಾಕು: ಏರಿಳಿತವಿಲ್ಲದೆ ಓದುವುದು, ಗಣಿತದ ಚಿಹ್ನೆಗಳನ್ನು ಹೇಳಿಸಿಕೊಂಡು ಬರೆಯುವುದು, ಚಿತ್ರ–ಭೂಪಟದ ಪ್ರಶ್ನೆಗೆ ಬದಲಿ ಪ್ರಶ್ನೆ ಇದೆಯೇ ಎಂದು ನೋಡುವುದು, ಬರೆದದ್ದನ್ನು ಓದಿ ಹೇಳುವುದು. ಕಲಿಸಬೇಕಾದವರು ದೃಷ್ಟಿದೋಷವಿರುವ ಪದವೀಧರರೇ. ಎಂಥ ಬರಹಗಾರರಿಂದ ತಮಗೆ ಅಂಕ ಹೋಯಿತು, ಎಂಥವರಿಂದ ನಿರಾಳವಾಯಿತು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಒಬ್ಬರು ಹೆಚ್ಚುವರಿಯಾಗಿ ಸಿದ್ಧವಿರಲಿ, ಏಕೆಂದರೆ ಜ್ವರ ಯಾರಿಗಾದರೂ ಬರುತ್ತದೆ. ವಿದ್ಯಾರ್ಹತೆಯ ಷರತ್ತಿನಿಂದ ಹೊರಗುಳಿದ ಹಿರಿಯರಿಗೂ ಇಲ್ಲಿ ಕೆಲಸವಿದೆ. ವರ್ಷವಿಡೀ ಪಾಠ ಓದಿ ಹೇಳುವುದಕ್ಕೆ, ಧ್ವನಿಮುದ್ರಿಸಿ ಕಳಿಸುವುದಕ್ಕೆ, ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಭ್ಯಾಸ ಮಾಡಿಸುವುದಕ್ಕೆ ಯಾವ ಮಾರ್ಗಸೂಚಿಯೂ ಅಡ್ಡ ಬರುವುದಿಲ್ಲ.

ಇನ್ನು ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಬಂದು ಇದೆಲ್ಲ ಬೇಡವಾಗುತ್ತದೆ ಎನ್ನುವವರಿದ್ದಾರೆ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ತಾನೇ ಟೈಪ್ ಮಾಡಿ ಉತ್ತರಿಸುವ ದಿನ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದಕ್ಕಾಗಿ ಶಾಲೆಯಿಂದಲೇ ಕಲಿಸಬೇಕು. ಆದರೆ ಈಗ ಹತ್ತನೇ ತರಗತಿಯಲ್ಲಿರುವ ಮಗುವಿಗೆ ಕನ್ನಡ ಕೀಲಿಮಣೆ ಕಲಿಸಿದವರಿಲ್ಲ, ಅದರ ಪರೀಕ್ಷಾ ಕೇಂದ್ರದಲ್ಲಿ ಅಂಥ ಕಂಪ್ಯೂಟರೂ ಇಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ, ಸೆರೆಬ್ರಲ್ ಪಾಲ್ಸಿಯಿಂದ ಕೈ ಸ್ಥಿರವಾಗಿ ನಿಲ್ಲದವರಿಗೆ ಕೀಲಿಮಣೆ ಸುಲಭದ ಉತ್ತರವೂ ಆಗಲಾರದು.

ಎಸ್‌ಎಸ್‌ಎಲ್‌ಸಿಗೆ ಮಕ್ಕಳ ನೋಂದಣಿ ಪರೀಕ್ಷೆಗೆ ತಿಂಗಳುಗಳ ಮೊದಲೇ ನಡೆಯುತ್ತದೆ. ಯಾವ ಮಗುವಿಗೆ ವಿಶೇಷ ಸೌಲಭ್ಯ ಬೇಕು ಎಂಬ ಮಾಹಿತಿ ಶಾಲೆಯಿಂದ ಹೋಗುವುದೂ ಆಗಲೇ. ಅಂದರೆ ಮಾರ್ಚ್‌ನಲ್ಲಿ ತಾಲ್ಲೂಕಿಗೆ ಎಷ್ಟು ಜನ ಬರಹಗಾರರು ಬೇಕು ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ ಡಿಸೆಂಬರ್ ಹೊತ್ತಿಗೇ ಎಣಿಸಿಬಿಡಬಹುದು. ಆ ಸಂಖ್ಯೆಯನ್ನು ಅರಿವು ಕೇಂದ್ರದ ಫಲಕದಲ್ಲಿ, ಹತ್ತಿರದ ಶಾಲೆ, ಕಾಲೇಜುಗಳಲ್ಲಿ ಹಾಕಿಸಲಿ. ಜನವರಿಯಲ್ಲಿ ತರಬೇತಿ ಮುಗಿಸಿ, ಪೂರ್ವಸಿದ್ಧತಾ ಪರೀಕ್ಷೆಯನ್ನೂ ಅದೇ ಜೋಡಿಗಳಿಂದ ಬರೆಸಲಿ. ಬರೆದುಕೊಡಲು ಬಂದವರಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ, ಒಂದು ಪ್ರಮಾಣಪತ್ರ ಕೊಡುವಷ್ಟು ಹಣ ಯಾವ ತಾಲ್ಲೂಕಿಗೂ ಭಾರವಲ್ಲ.